ಪವರ್ ಸ್ಟೀರಿಂಗ್ ಕಳಚುವ ಮುನ್ನ

ವಾಹನಕ್ಕೆ ಹೊಸ ಸೌಲಭ್ಯ ಸೇರಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಇರುವ ಸೌಲಭ್ಯವನ್ನು ಹಣ ಕೊಟ್ಟು ತೆಗೆಸುವವರು ವಿರಳ. ಆದರೆ ಸ್ಪೋರ್ಟ್ಸ್ ಕಾರುಗಳ ಮಾಲೀಕರಲ್ಲಿ ಪವರ್ ಸ್ಟೀರಿಂಗನ್ನು ಕಳಚಿ ಮ್ಯಾನ್ಯುವಲ್ ಸ್ಟೀರಿಂಗ್ ಅಳವಡಿಸಿಕೊಳ್ಳುವ ಪರಿಪಾಠ ಹಲವು ದೇಶಗಳಲ್ಲಿದೆ. ಕುಮಟಾ ಸಮೀಪದ ಹೊಳನಗದ್ದೆಯ ವರ್ತಕ ಕಕ್ಷಿದಾರರೊಬ್ಬರು ಇಂಥದೇ ಕೆಲಸದ ಅಂದಾಜುಪಟ್ಟಿ ತಂದು, ಇದನ್ನು ವ್ಯವಹಾರದ ಖರ್ಚಿಗೆ ಹಾಕಬಹುದೇ ಎಂದು ವಿಚಾರಿಸಿದರು. ಸಂಸ್ಥೆಯ ಹೆಸರಿನಲ್ಲಿರುವ ಎರಡು ಆಸನದ ಹಳೆಯ ಕಾರು. ಕಡಲಂಚಿನ ಉಪ್ಪುಗಾಳಿಗೆ ಸ್ಟೀರಿಂಗ್ ಆಯಿಲಿನ ಪೈಪುಗಳು ತುಕ್ಕು ಹಿಡಿದು ಸೋರತೊಡಗಿದ್ದವು. ಪೈಪು, ಪಂಪುಗಳ ಬೆಲೆ ಕೇಳಿ ಹಿಂಜರಿದಾಗ, ಅವನ್ನೆಲ್ಲ ತೆಗೆದೇಬಿಡಬಹುದೆಂದು ಗ್ಯಾರೇಜಿನವರು ಸಲಹೆಯಿತ್ತಿದ್ದರಂತೆ. ಪೈಪು ಬದಲಾಯಿಸುವುದು ದುರಸ್ತಿ. ಇಡೀ ವ್ಯವಸ್ಥೆಯನ್ನೇ ಕಳಚುವುದು ಮಾರ್ಪಾಡು. ಕಾನೂನು, ವಿಮೆ, ತೆರಿಗೆ ಈ ಮೂರೂ ಕಡೆ ಉತ್ತರ ನಿಂತಿರುವುದು ಈ ಒಂದು ಭೇದದ ಮೇಲೆ.

ಮೊದಲು ಯಂತ್ರದ ವಿಚಾರ. ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನಲ್ಲಿ ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಆಯಿಲಿಗೆ ಒತ್ತಡ ಕೊಡುತ್ತದೆ. ಚಾಲಕರು ಸ್ಟೀರಿಂಗ್ ತಿರುಗಿಸಿದೊಡನೆ ಟಾರ್ಷನ್ ಬಾರ್ ಎಂಬ ತೆಳು ಸರಳು ಅತ್ಯಲ್ಪ ತಿರುಚಿಕೊಂಡು ವಾಲ್ವನ್ನು ತೆರೆಯುತ್ತದೆ. ಆಯಿಲು ರ‍್ಯಾಕಿನೊಳಗಿನ ಪಿಸ್ಟನ್ನನ್ನು ಬೇಕಾದ ದಿಕ್ಕಿಗೆ ತಳ್ಳುತ್ತದೆ. 1926ರಲ್ಲಿ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ಪಿಯರ್ಸ್-ಆರೋ ಕಾರಿನಲ್ಲಿ ಇದನ್ನು ಪ್ರದರ್ಶಿಸಿದರು. 1951ರಲ್ಲಿ ಕ್ರೈಸ್ಲರ್ ಕಂಪನಿ ಇಂಪೀರಿಯಲ್ ಕಾರಿನಲ್ಲಿ ಮಾರಾಟಕ್ಕೆ ತಂದಿತು.

ಬೆಲ್ಟನ್ನಷ್ಟೇ ತೆಗೆದರೆ ಅದು ಮ್ಯಾನ್ಯುವಲ್ ಸ್ಟೀರಿಂಗ್ ಆಗುವುದಿಲ್ಲ. ರ‍್ಯಾಕಿನಲ್ಲಿ ಉಳಿದ ಆಯಿಲನ್ನು ಇನ್ನು ಚಾಲಕರ ತೋಳೇ ತಳ್ಳಬೇಕು; ಆದ್ದರಿಂದ ಅದು ನಿಜವಾದ ಮ್ಯಾನ್ಯುವಲ್ ಸ್ಟೀರಿಂಗಿಗಿಂತ ಭಾರ. ಸರಿಯಾಗಿ ಮಾಡಬೇಕಾದರೆ ರ‍್ಯಾಕನ್ನು ಬಿಚ್ಚಿ, ಪಿಸ್ಟನ್ನಿನ ಸೀಲು ತೆಗೆದು, ಗ್ರೀಸ್ ಹಾಕಿ, ಆಯಿಲಿನ ದ್ವಾರಗಳನ್ನು ಮುಚ್ಚಬೇಕು. ಆಗಲೂ ಟಾರ್ಷನ್ ಬಾರಿನ ತಿರುಚು ಚಾಲಕರ ಕೈಗೆ ಸಡಿಲಿಕೆಯಾಗಿ ತಿಳಿಯುತ್ತದೆ. ಕೆಲವರು ಅದನ್ನು ವೆಲ್ಡ್ ಮಾಡಿಬಿಡುತ್ತಾರೆ. ಹದಗೊಳಿಸಿದ ಉಕ್ಕಿಗೆ ವೆಲ್ಡಿಂಗಿನ ಕಾವು ತಗುಲಿದರೆ ಅದರ ಗುಣ ಬದಲಾಗುತ್ತದೆ. ಆ ಬಿಡಿಭಾಗ ಮುರಿದರೆ ಕಾರಿಗೆ ದಿಕ್ಕೇ ಇಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಇದರ ಪರೀಕ್ಷೆ ಆಗಬಾರದು.

ಉತ್ತಮ ಮಾರ್ಗವೆಂದರೆ ತಯಾರಕರೇ ಆ ಮಾದರಿಗೆಂದು ಮಾಡಿದ ಮ್ಯಾನ್ಯುವಲ್ ರ‍್ಯಾಕನ್ನು ಅಳವಡಿಸುವುದು. ಮಾಜ್ದಾ ಮಿಯಾಟಾದ ಮೊದಲ ಪೀಳಿಗೆಯು ಎರಡೂ ಬಗೆಯ ಸ್ಟೀರಿಂಗಿನೊಡನೆ ಮಾರಾಟವಾಗಿದ್ದರಿಂದ ಅದರ ಮಾಲೀಕರಿಗೆ ಈ ಅನುಕೂಲ ದೊರೆಯಿತು. ಮ್ಯಾನ್ಯುವಲ್ ರ‍್ಯಾಕಿನಲ್ಲಿ ಸ್ಟೀರಿಂಗನ್ನು ಹೆಚ್ಚು ಸುತ್ತು ತಿರುಗಿಸಬೇಕು. ಭಾರ ಕಡಿಮೆಯಾಗುವುದು ಆ ಕಾರಣದಿಂದಲೇ. ಲೋಟಸ್ ಎಲೀಸ್, ಆಲ್ಫಾ ರೋಮಿಯೊ 4ಸಿ ಕಾರುಗಳಿಗೆ ಪವರ್ ಸ್ಟೀರಿಂಗ್ ಇರಲೇ ಇಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಅವು ಇಂಜಿನ್ ಹಿಂದಿರುವ, ಮುಂದಿನ ಗಾಲಿಗಳ ಮೇಲೆ ತೂಕ ಕಡಿಮೆಯಿರುವಂತೆ ಮೊದಲೇ ವಿನ್ಯಾಸಗೊಂಡ ಹಗುರ ವಾಹನಗಳು. ಮಾರುತಿ 800ನ್ನು ವರ್ಷಗಟ್ಟಲೆ ಕೈಬಲದಿಂದಲೇ ಓಡಿಸಿದ ನಮ್ಮ ತಲೆಮಾರಿಗೂ ಇದೇ ಮಾತು ಅನ್ವಯ. ಅದರ ಕಿರಿದಾದ ಟಯರಿಗೂ ಇಂದಿನ ಅಗಲ ಟಯರಿಗೂ ಹೋಲಿಕೆಯಿಲ್ಲ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕಾರುಗಳನ್ನಂತೂ ಮುಟ್ಟದಿರುವುದೇ ಲೇಸು. ಫ್ಯೂಸ್ ಕಿತ್ತರೂ ಮೋಟಾರಿನ ಎಳೆತ ಉಳಿಯುತ್ತದೆ.

ಈಗ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿ 9ರಂದು ಈ ನಿಯಮವನ್ನು ಬಿಗಿಯಾಗಿ ಎತ್ತಿಹಿಡಿಯಿತು. ನೋಂದಣಿ ಪತ್ರದಲ್ಲಿ ಸ್ಟೀರಿಂಗಿನ ಅಂಕಣವೇ ಇಲ್ಲವೆಂಬ ವಾದವುಂಟು. ಆ ವಾದವನ್ನು ಅಪಘಾತವಾದ ಮೇಲೆ ನ್ಯಾಯಾಲಯದಲ್ಲಿ ಮಂಡಿಸುವುದಕ್ಕಿಂತ, ಕೆಲಸಕ್ಕೆ ಮುಂಚೆಯೇ ಸಾರಿಗೆ ಕಚೇರಿಯಿಂದ, ಅಂದರೆ ಕೆಎ-47 ಸರಣಿಯ ವಾಹನಗಳಿಗೆ ಹೊನ್ನಾವರದಿಂದ, ಲಿಖಿತ ಉತ್ತರ ಪಡೆಯುವುದು ಜಾಣತನ. 2019ರಲ್ಲಿ ಸೇರಿಸಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ಮಾರಾಟಗಾರರು ಮಾಡಿದರೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ವಾಹನವೊಂದಕ್ಕೆ ಒಂದು ಲಕ್ಷ ರೂ. ದಂಡ, ಅಥವಾ ಎರಡೂ. ಗ್ಯಾರೇಜು, ಲೇಥ್ ಘಟಕ ನಡೆಸುವ ಬಂಧುಗಳು ಇನ್ನೊಂದನ್ನೂ ನೆನಪಿಡತಕ್ಕದ್ದು: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನಕ್ಕೆ ಸೇವೆ ಒದಗಿಸಿದವರನ್ನೂ ಹಾನಿಗೆ ಹೊಣೆ ಮಾಡುತ್ತದೆ. ಗಿರಾಕಿಯೇ ಕೇಳಿದ್ದರೆಂಬ ಮಾತು ಬಿಲ್ಲಿನಲ್ಲಿ ಇಲ್ಲದಿದ್ದರೆ ಬಾಯಿಮಾತಿಗೆ ಬೆಲೆಯಿಲ್ಲ. ಇದ್ದರೂ ಅದೊಂದೇ ಪೂರ್ಣ ರಕ್ಷಣೆಯಲ್ಲ.

ವಿಮೆ ನಿಂತಿರುವುದು ಪರಸ್ಪರ ವಿಶ್ವಾಸದ ಮೇಲೆ. ಮಾರ್ಪಾಡನ್ನು ತಿಳಿಸದೆ ಸ್ವಂತ ವಾಹನದ ಹಾನಿಗೆ ಪರಿಹಾರ ಕೇಳಿದಾಗ ಸರ್ವೇಯರು ಮೊದಲು ಬರೆಯುವ ಸಾಲು ಅದೇ ಆಗಿರುತ್ತದೆ. ಪತ್ರ ಮುಖೇನ ತಿಳಿಸಿ, ಎಂಡಾರ್ಸ್‌ಮೆಂಟ್ ಪಡೆದ ಮೇಲೆಯೇ ವಾಹನವನ್ನು ರಸ್ತೆಗಿಳಿಸಬೇಕು.

ಕೊನೆಗೆ ಕಕ್ಷಿದಾರರ ಮೂಲ ಪ್ರಶ್ನೆ. ಚಾಲ್ತಿ ದುರಸ್ತಿಯೆಂದರೆ ಇರುವ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ವೆಚ್ಚ ಎಂಬುದು ಸುಪ್ರೀಂ ಕೋರ್ಟು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಒಪ್ಪಿದ ಅಳತೆಗೋಲು. ಸೋರುವ ಪೈಪು, ಪಂಪು ಬದಲಾಯಿಸಿದರೆ ಇದಕ್ಕೆ ಸಲೀಸಾಗಿ ಹೊಂದುತ್ತದೆ. ಕಾರಿನ ಸ್ವಂತ ಬಳಕೆಯ ಪಾಲನ್ನು ಮಾತ್ರ ಕಳೆಯಬೇಕು. ಪವರ್ ಸ್ಟೀರಿಂಗ್ ಕಳಚಿದ ವೆಚ್ಚ ಹಾಗಲ್ಲ. ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ಖರ್ಚನ್ನು ಒಪ್ಪಲಾಗದೆಂಬ ನಿಯಮ 1961ರ ಕಾಯಿದೆಯ 37ನೆಯ ಕಲಮಿನಲ್ಲಿತ್ತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲೂ ಅದು ಮುಂದುವರಿದಿದೆ. ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದ ಕೆಲಸದ ಬಿಲ್ಲನ್ನು ಲೆಕ್ಕದಲ್ಲಿ ತೋರಿಸಿದರೆ ನಾವೇ ಸಾಕ್ಷ್ಯ ಒದಗಿಸಿದಂತೆ.

ಜಿಎಸ್‌ಟಿಯಲ್ಲಿ ಎರಡಕ್ಕೂ ಒಂದೇ ನ್ಯಾಯ. ಚಾಲಕರೂ ಸೇರಿ 13 ಜನರವರೆಗಿನ ಆಸನವುಳ್ಳ ವಾಹನಗಳಿಗೆ, ಕಾಯಿದೆ ಹೆಸರಿಸಿದ ಕೆಲವು ವ್ಯವಹಾರಗಳನ್ನು ಬಿಟ್ಟು, 17(5) ಕಲಮಿನಂತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅವುಗಳ ದುರಸ್ತಿ, ವಿಮೆಗಳಿಗೂ ಇಲ್ಲ. ಬಿಡಿಭಾಗಗಳ ಮೇಲಿನ 18 ಶೇಕಡಾ ತೆರಿಗೆಯನ್ನು ವೆಚ್ಚಕ್ಕೇ ಸೇರಿಸಬೇಕು. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇದೆಯೆಂದು ಗುಮಾಸ್ತರು ಕ್ರೆಡಿಟ್ ತೆಗೆದುಕೊಂಡು ಬಳಸಿಬಿಟ್ಟಿದ್ದರೆ, ಅದನ್ನು ವಾರ್ಷಿಕ 18 ಶೇಕಡಾ ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ.