ಕುಮಳಿಯಲ್ಲಿ ಅವ್ವ ಕಂಡ ಏಲಕ್ಕಿ

ಹಾವೇರಿಯವರಾದ ನಮಗೆ ಏಲಕ್ಕಿ ಎಂದರೆ ಹಾರ. ಊರಿಗೆ ಮಂತ್ರಿ ಬಂದರೂ ಸ್ವಾಮಿಗಳು ಬಂದರೂ ಕೊರಳಿಗೆ ಬೀಳುವುದು ಅದೇ. ನಮ್ಮವ್ವ ಮದುವೆಗೆ ಮುಂಚೆ ಓಣಿಯ ಒಂದು ಮನೆಗೆ ಹೋಗಿ ಹಾರ ಕಟ್ಟುತ್ತಿದ್ದಳು. ಕಾಯಿ ಎಣಿಸಿ ಕೊಡುತ್ತಿದ್ದರು, ಸಂಜೆ ಎಣಿಸಿ ನೋಡುತ್ತಿದ್ದರು. ಒಂದು ದಿನ ಎರಡು ಕಾಯಿ ಕಡಿಮೆ ಬಂದವು. ಹದಿನಾರು ವರ್ಷದ ಹುಡುಗಿ ಎಲ್ಲರೆದುರು ಸೆರಗು ಝಾಡಿಸಿ ತೋರಿಸಬೇಕಾಯಿತು. ಆಮೇಲೆ ಅವು ಚಾಪೆಯ ಅಡಿ ಸಿಕ್ಕವಂತೆ.

ಅಷ್ಟು ಏಲಕ್ಕಿ ಮುಟ್ಟಿದವಳು ಅದರ ಗಿಡ ನೋಡಿರಲಿಲ್ಲ. ಹಾವೇರಿಯಲ್ಲಿ ಅದು ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಕಾಯನ್ನು ನಮ್ಮೂರ ಬಾವಿ ನೀರಿನಲ್ಲಿ ಅಂಟುವಾಳ ಹಾಕಿ ತೊಳೆದು ಬೆಳ್ಳಗೆ ಮಾಡುವುದಷ್ಟೇ ಹಿಂದೆ ಹಾವೇರಿಯ ಹೆಸರುವಾಸಿ ಕೆಲಸ. ಕಳೆದ ಸೆಪ್ಟೆಂಬರಿನಲ್ಲಿ ಅವ್ವ ಚೆನ್ನೈಗೆ ನಮ್ಮನೆಗೆ ಬಂದಾಗ ಕುಮಳಿಗೆ ಹೊರಟೆವು.

ರೈಲಿನಲ್ಲಿ ಮದುರೆ, ಅಲ್ಲಿಂದ ತೇನಿ, ಕಂಬಂ, ಗೂಡಲೂರು ಹಾದು ಬಸ್ಸು. ಲೋವರ್ ಕ್ಯಾಂಪಿನಲ್ಲಿ ಘಾಟಿ ಶುರು. ಮುಲ್ಲಪೆರಿಯಾರಿನ ನೀರು ವಿದ್ಯುದಾಗಾರಕ್ಕೆ ಇಳಿಯುವ ದೊಡ್ಡ ಕೊಳವೆಗಳು ಬೆಟ್ಟದ ಮೈಮೇಲೆ ಕಾಣುತ್ತವೆ. ಮೇಲೇರಿ ಚೆಕ್‌ಪೋಸ್ಟ್ ದಾಟಿದರೆ ಕೇರಳ. ಕುಮಳಿ ಲೆಕ್ಕಕ್ಕೆ ಗ್ರಾಮ ಪಂಚಾಯಿತಿ, ನೋಡಲು ಪೇಟೆ. ತೇಕ್ಕಡಿಗೆ ಬಂದವರಿಗೆಲ್ಲ ಮಸಾಲೆ ಮಾರುವ ಅಂಗಡಿ ಸಾಲು. ಬಸ್ಸಿಳಿದ ಕೂಡಲೇ ವಾಸನೆ.

ಟಿಕೆಟ್ ಕೊಂಡು ಒಂದು ಸ್ಪೈಸ್ ಗಾರ್ಡನ್ ಹೊಕ್ಕೆವು. ಒಂದೆಕರೆಯಲ್ಲಿ ಜಗತ್ತಿನ ಒಗ್ಗರಣೆ ಡಬ್ಬಿಯೆಲ್ಲ ನೆಟ್ಟಂತಿತ್ತು. ಕರಿಮೆಣಸು, ಬಿಳಿಮೆಣಸು ಒಂದೇ ಬಳ್ಳಿಯ ಕಾಳು, ಸಿಪ್ಪೆ ತೆಗೆದರೆ ಬಿಳಿ. ಲವಂಗವೆಂದರೆ ಅರಳದ ಮೊಗ್ಗು. ಜಾಯಿಕಾಯಿಯ ಬೀಜಕ್ಕೆ ಸುತ್ತಿದ ಕೆಂಪು ಜಾಲರಿಯೇ ಜಾಪತ್ರೆ. ವೆನಿಲಾ ಹೂವಿಗೆ ಇಲ್ಲಿ ಅದರ ತವರಿನ ಜೇನುಹುಳ ಇಲ್ಲ, ಒಂದೊಂದು ಹೂವನ್ನೂ ಬೆಳಿಗ್ಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಗೈಡ್ ಚೆನ್ನಾಗಿ ಹೇಳಿದ, ಕೊನೆಗೆ ತನ್ನ ಅಂಗಡಿಗೇ ತಂದು ನಿಲ್ಲಿಸಿದ. ಅವ್ವನಿಗೆ ಸಮಾಧಾನವಾಗಲಿಲ್ಲ. "ಇದು ತ್ವಾಟ ಅಲ್ಲವಾ, ಪ್ರದರ್ಶನ. ಖರೇ ತ್ವಾಟಾ ತೋರ್ಸು" ಅಂದಳು.

ಆಟೋದವನು ಆನಕ್ಕರದ ದಾರಿಯಲ್ಲಿ ಪರಿಚಯದವರ ಎಸ್ಟೇಟಿಗೆ ಕರೆದೊಯ್ದ. ದೊಡ್ಡ ಮರಗಳ ನೆರಳು, ಕೆಳಗೆ ಆಳೆತ್ತರ ಮೀರಿದ ಏಲಕ್ಕಿ ಗಿಡಗಳು. ಅವ್ವ ಎಲೆಗಳ ನಡುವೆ ಕತ್ತೆತ್ತಿ ಕಾಯಿ ಹುಡುಕುತ್ತಿದ್ದಳು. ನಾನು ಬುಡ ತೋರಿಸಿದೆ. ನೆಲಕ್ಕೆ ಹರಿದ ಗೊನೆಗಳಲ್ಲಿ ಹಸಿರು ಕಾಯಿ. "ಅಯ್ಯ! ಇಷ್ಟ ಕೆಳಗ ಬಿಡ್ತದೇನ ಇದು? ಬಗ್ಗಿ ಬಗ್ಗಿ ನಡಾ ಏನಾಗಬೇಕು?"

ಗೊನೆಯ ಕಾಯಿ ಒಟ್ಟಿಗೆ ಬಲಿಯುವುದಿಲ್ಲ. ಬಲಿತದ್ದನ್ನಷ್ಟೇ ಆರಿಸಿ, ಕೆಲವು ವಾರ ಬಿಟ್ಟು ಮತ್ತೆ ಅದೇ ಗಿಡಕ್ಕೆ ಬಗ್ಗಬೇಕು. ಸುಮಾರು ಐದು ಕಿಲೋ ಹಸಿ ಕಾಯಿ ಒಣಗಿಸಿದರೆ ಒಂದು ಕಿಲೋ. 2018ರ ಮಳೆ, ಭೂಕುಸಿತದಲ್ಲಿ ಇಡುಕ್ಕಿಯ ತೋಟಗಳು ಹಾಳಾದ ಮರುವರ್ಷ, 2019ರ ಆಗಸ್ಟಿನಲ್ಲಿ, ಪುಟ್ಟಡಿಯ ಹರಾಜಿನಲ್ಲಿ ಒಳ್ಳೆ ಕಾಯಿ ಕಿಲೋಗೆ 7000 ರೂಪಾಯಿ ಮುಟ್ಟಿತ್ತು. ಎರಡು ವರ್ಷದ ಬಳಿಕ ಸಾವಿರದ ಆಸುಪಾಸಿಗೆ ಬಂತು. ದರ ಹೀಗೆ ಹತ್ತಿಳಿದರೂ ಬಗ್ಗುವವರು ಬಗ್ಗುತ್ತಲೇ ಇರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಕಂಬಂ, ಗೂಡಲೂರು ಕಡೆಯ ಹೆಂಗಸರು. ಬೆಳಿಗ್ಗೆ ಜೀಪಿನಲ್ಲಿ ಒತ್ತೊತ್ತಾಗಿ ಕುಳಿತು ಘಾಟಿ ಹತ್ತಿ, ಸಂಜೆ ಹಾಗೇ ಇಳಿಯುತ್ತಾರೆ.

ನಮ್ಮಿಬ್ಬರ ಮಾತು ಕೇಳಿ ಅವರಲ್ಲೊಬ್ಬಾಕೆ ತಲೆಯೆತ್ತಿದರು. ತಮಿಳಿನ ರಾಗ, ಆದರೆ ಮಾತು ನಮ್ಮದು! ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರಿನ ಹಿಂದೆ ನೆಲೆಸಿದ ಒಕ್ಕಲಿಗರಿದ್ದಾರೆ, ಕಪ್ಪಿಲಿಯರ್ ಎಂದೂ ಕರೆಯುತ್ತಾರೆ. ಓದು ಬರಹ ತಮಿಳು, ಮನೆಯೊಳಗೆ ಕನ್ನಡ. ಚೆನ್ನೈಯಲ್ಲಿ ಹತ್ತೊಂಬತ್ತು ವರ್ಷ ಕಳೆದ ನನಗೂ ಇದು ಕೇಳಿ ಗೊತ್ತಿತ್ತೇ ಹೊರತು ಕಂಡಿರಲಿಲ್ಲ. ಆಕೆಯ ಮಾತು ಅರ್ಧ ನನಗೆ ತಿಳಿಯಿತು, ಅವ್ವನಿಗೆ ಪೂರ್ತಿ ತಿಳಿದಂತಿತ್ತು. ಇಬ್ಬರೂ ಕೈ ತೋರಿಸಿಕೊಂಡರು. ಆಕೆಯ ಉಗುರ ಸಂದಿ ಕಪ್ಪು. ಅವ್ವ ತನ್ನ ತೋರುಬೆರಳ ಮೇಲೆ ದಾರ ಕೊಯ್ದ ಹಳೆಯ ಗೆರೆ ತೋರಿಸಿ, "ನೀ ಹರೀತಿದ್ದಿ, ನಾ ಕಟ್ತಿದ್ನಿ" ಅಂದಳು.

ಹೊರಡುವಾಗ ಆಕೆ ಬುಟ್ಟಿಯಿಂದ ಒಂದು ಹಿಡಿ ಹಸಿ ಕಾಯಿ ತೆಗೆದು ಅವ್ವನ ಸೆರಗಿಗೆ ಹಾಕಿದರು. ಅವ್ವ ಆಚೆ ನಿಂತಿದ್ದ ಮೇಸ್ತ್ರಿಯತ್ತ ಒಮ್ಮೆ ನೋಡಿದಳು. ಆಮೇಲೆ ಸೆರಗನ್ನು ಬುಟ್ಟಿಯ ಮೇಲೆ ಹಿಡಿದು, ಒಂದೂ ಉಳಿಯದಂತೆ ಝಾಡಿಸಿದಳು.

"ತೂಕದಾಗ ಕಡಿಮಿ ಬಿದ್ದೀತವಾ ನಿನಗ."