ಶೆಡ್ಡಿನ ಹಳೆಯ ಜೀಪು

ಎರಡನೆಯ ಮಹಾಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪು ಮುಂದೆ ಮಲೆನಾಡಿನ ತೋಟಗಳಲ್ಲಿ ಕಾಫಿ, ಅಡಿಕೆ ಮೂಟೆ ಹೊತ್ತಿತು. ಅಂಥದನ್ನು ಮನೆಯ ಶೆಡ್ಡಿನಲ್ಲೇ ಸರಿಪಡಿಸಹೊರಟ ಬೆಳೆಗಾರ ಬಾಂಧವರು ವೆಲ್ಡಿಂಗಿಗೆ ಮೊದಲೇ ತೀರ್ಮಾನಿಸಬೇಕು, ಮೂಲರೂಪವೋ ಮಾರ್ಪಾಡೋ ಎಂದು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಬಾಡಿ, ಎಂಜಿನ್ ಮೂಲದಂತೆಯೇ ಉಳಿದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಬೇರೆ ಡೀಸೆಲ್ ಎಂಜಿನ್ ಕೂರಿಸಿದರೆ ಆ ಹಾದಿ ಮುಚ್ಚಿತು.

ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಗೊಬ್ಬರ ತರಲು ಜೀಪು ಬೇಕೆನ್ನುವವರಿಗೆ ಅದರಿಂದೇನು ಪ್ರಯೋಜನ! ಅಂಥವರು ಎಂಜಿನ್ ಬದಲಿಸುವ ಮುನ್ನ ಆರ್.ಟಿ.ಒ. ಒಪ್ಪಿಗೆ ಪಡೆಯಲಿ.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ತುಕ್ಕನ್ನು ಮೆಲ್ಲಗೆ ಉಜ್ಜಿ, ಚಾಸಿಸ್ ನಂಬರನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿ. ನಂಬರಿನ ಮೇಲೆ ಗ್ರೈಂಡರ್ ಮಾತ್ರ ಬೇಡ.