ಮೋಟಾರಿನ ಓಲೆಕಾರ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಯ ರೈತನಿಗೆ ತ್ರೀ ಫೇಸ್ ಕರೆಂಟಿನ ಹೊತ್ತು ಕಾಯುವುದೇ ಒಂದು ಪಾಡು. ಅದು ನಡುರಾತ್ರಿ ಬಂದರೆ ಟಾರ್ಚು ಹಿಡಿದು, ಹಾವುಹುಳುಗಳ ಭಯದಲ್ಲಿ ಕೊಳವೆಬಾವಿಯವರೆಗೆ ನಡೆಯಬೇಕು. ಆ ನಡಿಗೆಯನ್ನು ತಪ್ಪಿಸಬಲ್ಲ ಮೊಬೈಲ್ ಸ್ಟಾರ್ಟರನ್ನು ಹಗುರವಾಗಿ ಕಾಣುವವನು ನಾನಲ್ಲ.

ಆದರೆ ಇದರಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಸ್ಟಾರ್ಟರಿನೊಳಗೇ ಸಿಮ್ ಇದ್ದು, ರೈತನ ಕರೆ ನೇರವಾಗಿ ಅದನ್ನು ಮುಟ್ಟುತ್ತದೆ. ಇನ್ನೊಂದರಲ್ಲಿ ಆ್ಯಪ್ ಒತ್ತಿದೊಡನೆ ಅಪ್ಪಣೆಯು ದೂರದ ಸರ್ವರಿಗೆ ಹೋಗಿ, ಅಲ್ಲಿಂದ ತೋಟಕ್ಕೆ ಬರುತ್ತದೆ. ಈ ನಡುವಣ ವ್ಯವಸ್ಥೆಗೆ ಪ್ಲಾಟ್‌ಫಾರಂ ಎಂದು ಹೆಸರು. ಕನ್ನಡದ ಮೇಷ್ಟ್ರಾದ ನನಗೆ ಆ ಮಾತು ರೈಲು ನಿಲ್ದಾಣವನ್ನೇ ನೆನಪಿಗೆ ತರುತ್ತದೆ; ಓಲೆಕಾರನೆಂದರೆ ಕೆಲಸ ತಿಳಿಯಾದೀತು. ಇಂಥ ಹಲವು ಓಲೆಕಾರರು ಬಳಸುವ ಎಂಕ್ಯೂಟಿಟಿ ಎಂಬ ಸಂದೇಶಪದ್ಧತಿಯು 1999ರಲ್ಲಿ ಹುಟ್ಟಿದ್ದು ಎಣ್ಣೆಯ ಕೊಳವೆಮಾರ್ಗಗಳನ್ನು ಉಪಗ್ರಹದ ಮೂಲಕ ಕಾಯಲೆಂದು. ಎಣ್ಣೆಗಾಗಿ ಹುಟ್ಟಿದ್ದು ನೀರಿಗೂ ಒದಗಿತು!

ಓಲೆಕಾರನು ಸಮರ್ಥನೇ ಸರಿ. ಹತ್ತು ಮೋಟಾರುಗಳ ಲೆಕ್ಕವಿಟ್ಟಾನು, ಫೇಸ್ ಹೋದರೆ ತಿಳಿಸಿಯಾನು. ಆದರೆ ಅವನೇ ಅಂಗಡಿ ಮುಚ್ಚಿದರೆ? ಇದು ಬರಿಯ ಕಲ್ಪನೆಯಲ್ಲ. 2016ರಲ್ಲಿ ಅಮೆರಿಕದ ಮನೆಗಳ ದೀಪ ಬೀಗಗಳನ್ನು ಆಳುತ್ತಿದ್ದ ರಿವಾಲ್ವ್ ಪೆಟ್ಟಿಗೆಯ ಸೇವೆ ನಿಂತಾಗ, ಕೆಡದ ಪೆಟ್ಟಿಗೆಗಳೂ ನಿಷ್ಪ್ರಯೋಜಕವಾದವು. ಸಾಧನಗಳನ್ನು ಬೆಸೆಯುತ್ತಿದ್ದ ತನ್ನ ಐಒಟಿ ಕೋರ್ ಸೇವೆಯನ್ನು ಗೂಗಲ್ 2023ರ ಆಗಸ್ಟ್ 16ರಂದು ಮುಚ್ಚಿತು. ನೆಚ್ಚಿದವರು ಬೇರೆ ದಾರಿ ಹುಡುಕಬೇಕಾಯಿತು. ಅಲ್ಲಿ ಮನೆಯ ದೀಪದ ಮಾತು. ಇಲ್ಲಿಯಾದರೆ ಬಾಡುವುದು ಫಸಲು.

ಕೊಳ್ಳುವ ಮುನ್ನ ಬೆಲೆಯೊಂದನ್ನೇ ವಿಚಾರಿಸಿದರೆ ಸಾಲದು. ಸರ್ವರು ನಿಂತ ದಿನ ಸಾಮಾನ್ಯ ಫೋನ್ ಕರೆಗೆ ಮೋಟಾರು ಓಗೊಡುವುದೆ? ಸ್ಟಾರ್ಟರಿನ ಹಸಿರು ಗುಂಡಿಯನ್ನು ಕೈಯಿಂದ ಒತ್ತಿದರಾದರೂ ತಿರುಗುವುದೆ?